ದೇಹವೆಂಬ ದೇವಾಲಯದ ದುರಸ್ತಿ



ದೇವಾಲಯದ ಸೂರು ಸೋರತೊಡಗಿದರೆ ನಾವು ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಹಿರಿಯರು ಸೇರುತ್ತಾರೆ, ಚಂದಾ ಎತ್ತುತ್ತಾರೆ, ಮಳೆಗಾಲ ಬರುವ ಮುಂಚೆ ಹಂಚು ಹೊದಿಸುತ್ತಾರೆ. ಆದರೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯದಲ್ಲಿ ಮತ್ತೊಂದು ದೇವಾಲಯದ ಮಾತನ್ನು ಎತ್ತುತ್ತಾರೆ. ಅದು ಪವಿತ್ರಾತ್ಮರು ನೆಲೆಸಿರುವ ನಮ್ಮ ದೇಹ. ಆ ದೇವಾಲಯ ಸೋರತೊಡಗಿ ಹತ್ತು ವರ್ಷವಾದರೂ, "ವಯಸ್ಸಾತಲ್ಲ, ಹಿಂಗ ಇರ್ತದ" ಎಂದು ಹೇಳಿ ನಾವು ಮುಂದೆ ಸಾಗುತ್ತೇವೆ.

ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ಸಂಭಾಷಣೆಯಿದೆ. ಪಾಳಿ ಮುಗಿಸಿ ಬಂದ ಗಂಡನನ್ನು ಹೆಂಡತಿ, "ಇವತ್ತ ಶುಗರ್ ಚೆಕ್ ಮಾಡಿಸಬೇಕಾಗಿತ್ತಲ್ಲರೀ?" ಎಂದು ಕೇಳುತ್ತಾಳೆ. "ಚೆಕ್ ಮಾಡಿಸಿದ್ರ ಇಲ್ಲದ್ದು ಬರ್ತದ, ಬಿಡು" ಎನ್ನುತ್ತಾನೆ ಗಂಡ. ಇಬ್ಬರೂ ನಗುತ್ತಾರೆ. ಆ ನಗೆಯ ಹಿಂದೆ ಭಯವಿದೆ. ದುಡಿಯುವವನು ಮಲಗಿದರೆ ಮಕ್ಕಳ ಶಾಲೆಯ ಫೀ ಯಾರು ಕಟ್ಟಬೇಕು, ಮನೆಯ ಸಾಲ ಯಾರು ತೀರಿಸಬೇಕು ಎಂಬ ಭಯ. ಆದ್ದರಿಂದ ತೂಕ ಇಳಿಸುವುದು, ಚಟ ಬಿಡುವುದು ಎಂದರೆ ಕನ್ನಡಿಯ ಮುಂದಿನ ಚೆಲುವಿನ ಪ್ರಶ್ನೆಯಲ್ಲ. ಅದು ಕುಟುಂಬದ ಪ್ರಶ್ನೆ, ಅಷ್ಟೇ ಅಲ್ಲ, ವಿಶ್ವಾಸದ ಪ್ರಶ್ನೆ.

ದೇಹ ಸೆರೆಮನೆಯಲ್ಲ

ಆತ್ಮವು ದೇಹವೆಂಬ ಸೆರೆಮನೆಯಲ್ಲಿ ಸಿಕ್ಕಿಕೊಂಡಿದೆ ಎಂದು ಪುರಾತನ ಗ್ರೀಸಿನಲ್ಲಿ ಕೆಲವರು ಬೋಧಿಸುತ್ತಿದ್ದರು. ಧರ್ಮಸಭೆ ಈ ವಿಚಾರವನ್ನು ಒಪ್ಪಲಿಲ್ಲ. ಆತ್ಮವೇ ದೇಹಕ್ಕೆ ರೂಪ ಕೊಡುವ ತತ್ವ, ಎರಡೂ ಸೇರಿದರೇ ಒಬ್ಬ ಮನುಷ್ಯ ಎಂದು ಸಂತ ತೋಮಸ್ ಅಕ್ವಿನಾಸರು ವಿವರಿಸಿದರು. ವಿಶ್ವಾಸ ಸಂಗ್ರಹದಲ್ಲಿ ನಾವು ಆತ್ಮದ ಅಮರತ್ವವನ್ನಷ್ಟೇ ಒಪ್ಪಿಕೊಂಡು ನಿಲ್ಲುವುದಿಲ್ಲ, ಶರೀರದ ಪುನರುತ್ಥಾನವನ್ನೂ ಒಪ್ಪಿಕೊಳ್ಳುತ್ತೇವೆ. ದೇವರು ಮತ್ತೆ ಎಬ್ಬಿಸಲಿರುವ ದೇಹವನ್ನು ನಾವು ಕಸದ ಬುಟ್ಟಿಯಂತೆ ನಡೆಸಿಕೊಳ್ಳುವುದು ಹೇಗೆ?

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇಲ್ಲಿ ಎರಡು ಎಚ್ಚರಿಕೆಗಳನ್ನು ಒಟ್ಟಿಗೇ ಕೊಡುತ್ತದೆ. ಪ್ರಾಣವೂ ಆರೋಗ್ಯವೂ ದೇವರ ಕೊಡುಗೆಗಳು. ಊಟ, ಮದ್ಯ, ತಂಬಾಕು, ಔಷಧಿ ಇವುಗಳ ಅತಿರೇಕದಿಂದ ದೂರವಿರಬೇಕು ಎಂಬುದು ಒಂದು. ದೇಹವನ್ನೇ ವಿಗ್ರಹ ಮಾಡಿ ಪೂಜಿಸಬಾರದು, ಮೈಕಟ್ಟಿಗಾಗಿ ಎಲ್ಲವನ್ನೂ ಬಲಿಕೊಡಬಾರದು ಎಂಬುದು ಇನ್ನೊಂದು. ನಮ್ಮ ದಾರಿ ಇವೆರಡರ ನಡುವೆ ಸಾಗುತ್ತದೆ.

ಊಟ ಹಳೆಯದು, ದುಡಿಮೆ ಹೊಸದು

ಧಾರವಾಡದ ಲಕಮನಹಳ್ಳಿ ಇಂದು ಕೈಗಾರಿಕಾ ಪ್ರದೇಶ. ಹಾಲು ಒಕ್ಕೂಟದ ಡೇರಿಯೂ ಇಲ್ಲೇ ಇದೆ. ಇಲ್ಲಿ ದುಡಿಯುವ ಎಷ್ಟೋ ಮಂದಿಯ ಅಜ್ಜಂದಿರು ಕೂರಿಗೆ ಹಿಡಿದವರು, ಕಳೆ ತೆಗೆದವರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಕಾಳಿನ ಪಲ್ಯ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ ಅವರ ಊಟ. ಅದು ಇಂದಿಗೂ ಒಳ್ಳೆಯ ಊಟವೇ. ಆದರೆ ಅವರು ಉಂಡದ್ದನ್ನು ಹೊಲದಲ್ಲಿ ಕರಗಿಸುತ್ತಿದ್ದರು. ಮೊಮ್ಮಗ ಯಂತ್ರದ ಮುಂದೆ ಅಥವಾ ಕಂಪ್ಯೂಟರಿನ ಮುಂದೆ ಎಂಟು ತಾಸು ಇರುತ್ತಾನೆ, ಬೈಕಿನಲ್ಲಿ ಹೋಗಿ ಬೈಕಿನಲ್ಲೇ ಮರಳುತ್ತಾನೆ. ರೊಟ್ಟಿಯ ಸಂಖ್ಯೆ ಮಾತ್ರ ಇಳಿಯಲಿಲ್ಲ. ಅದರ ಮೇಲೆ ಬಿಳಿ ಅನ್ನ, ಸಂಜೆಗೆ ಮಿರ್ಚಿ ಭಜಿ ಗಿರಮಿಟ್, ರಾತ್ರಿ ಪಾಳಿಗೆ ನಾಲ್ಕು ಸಲ ಚಹಾ, ಬೀಗರು ಬಂದರೆ ಪೇಡೆಯ ಡಬ್ಬಿ ಸೇರಿಕೊಂಡವು.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹತ್ತು ವಯಸ್ಕರಲ್ಲಿ ಸುಮಾರು ಮೂವರ ತೂಕ ಮಿತಿ ಮೀರಿದೆ. ಇದರಲ್ಲಿ ಗಂಡಸರು ಹೆಂಗಸರು ಎಂಬ ಭೇದವಿಲ್ಲ. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ತಿಳಿಸಿತು.

ನಮ್ಮ ಸ್ಥಿತಿಯನ್ನು ಮನೆಯಲ್ಲೇ ಅಳೆದುಕೊಳ್ಳಬಹುದು. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿರಿ. ಭಾರತೀಯರಿಗೆ ಉತ್ತರ 23 ದಾಟಿದರೆ ತೂಕ ಹೆಚ್ಚೆಂದೂ 25 ದಾಟಿದರೆ ಬೊಜ್ಜೆಂದೂ ನಮ್ಮ ವೈದ್ಯರು ಎಣಿಸುತ್ತಾರೆ. 165 ಸೆಂ.ಮೀ. ಎತ್ತರ, 80 ಕೆ.ಜಿ. ತೂಕ ಇರುವವರಿಗೆ ಇದು 29 ದಾಟುತ್ತದೆ. ಇದಕ್ಕಿಂತ ಸುಲಭವಾದದ್ದು ದರ್ಜಿಯ ಟೇಪು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ನಮ್ಮ ಜನರಲ್ಲಿ ಕೈಕಾಲು ತೆಳ್ಳಗಿದ್ದರೂ ಬೊಜ್ಜು ಹೊಟ್ಟೆಯೊಳಗೆ ಕೂಡುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಹತ್ತಿರದ ನಂಟಿರುವುದು ಈ ಬೊಜ್ಜಿಗೇ. 30 ವರ್ಷ ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಆಗುತ್ತದೆ. ಪರೀಕ್ಷೆ ಮಾಡಿಸಿದರೆ ಇಲ್ಲದ ರೋಗ ಬರುವುದಿಲ್ಲ, ಇರುವ ರೋಗ ತಿಳಿಯುತ್ತದೆ ಅಷ್ಟೆ.

ದಪ್ಪವಿರುವುದು ಪಾಪವೇ?

ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಮೈಭಾರಕ್ಕೆ ವಂಶ, ಥೈರಾಯಿಡ್, ಹೆರಿಗೆ, ಕೆಲವು ಔಷಧಿಗಳು, ನಿದ್ದೆಗೆಟ್ಟ ಪಾಳಿ, ಮನಸ್ಸಿನ ದುಃಖ ಹೀಗೆ ಹಲವು ಕಾರಣಗಳಿರುತ್ತವೆ. ಒಬ್ಬರ ಹೊಟ್ಟೆ ನೋಡಿ ಅವರ ಆತ್ಮದ ಬಗ್ಗೆ ತೀರ್ಪು ಕೊಡಲು ನಮಗೆ ಅಧಿಕಾರವಿಲ್ಲ. ಮದುವೆ ಮನೆಯಲ್ಲಿ ಹುಡುಗಿಯೊಬ್ಬಳ ಮೈಯನ್ನು ತಮಾಷೆ ಮಾಡುವ ಬಂಧುಗಳು ಆಕೆಯ ತೂಕವನ್ನು ಒಂದು ತೊಲವೂ ಇಳಿಸುವುದಿಲ್ಲ, ಆಕೆಯ ಮನಸ್ಸಿಗೆ ಭಾರ ಹೇರುತ್ತಾರೆ. ಅದೇ ನಿಜವಾದ ಪಾಪ.

ಹಾಗಾದರೆ ಹೊಟ್ಟೆಬಾಕತನವೆಂದರೇನು? ಸಂತ ಮಹಾ ಗ್ರೆಗೋರಿಯವರನ್ನು ಅನುಸರಿಸಿ ಅಕ್ವಿನಾಸರು ಅದಕ್ಕೆ ಐದು ಮುಖಗಳನ್ನು ಹೇಳುತ್ತಾರೆ: ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ದುಬಾರಿಯಾದುದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ಮುಕ್ಕುವುದು, ರುಚಿಯಲ್ಲಿ ಅತಿ ನಾಜೂಕು ತೋರುವುದು. ಐದರಲ್ಲಿ ಒಂದೇ ಒಂದು ಪ್ರಮಾಣಕ್ಕೆ ಸಂಬಂಧಿಸಿದ್ದು. "ಉಪ್ಪು ಹೆಚ್ಚಾಗೇದ" ಎಂದು ತಟ್ಟೆ ಸರಿಸಿ ಹೆಂಡತಿಯ ಕಣ್ಣಲ್ಲಿ ನೀರು ತರಿಸುವ ಬಡಕಲು ಗಂಡನೂ ಈ ಪಟ್ಟಿಯಲ್ಲಿದ್ದಾನೆ. ಆದ್ದರಿಂದ ಈ ಪಾಠ ದಪ್ಪಗಿರುವವರಿಗೆ ಮಾತ್ರವಲ್ಲ, ಎಲ್ಲರಿಗೂ.

ಅರಸನ ಊಟದಿಂದ ಬಿಡುಗಡೆ

ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥದ ಮೊದಲನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿರಿ. ಬಾಬಿಲೋನಿನ ಅರಮನೆಯಲ್ಲಿ ದಾನಿಯೇಲ ಮತ್ತು ಅವನ ಮೂವರು ಗೆಳೆಯರಿಗೆ ಅರಸನ ಊಟವೂ ದ್ರಾಕ್ಷಾರಸವೂ ಗೊತ್ತಾಗಿತ್ತು. ಅವರು ಕಾಯಿಪಲ್ಲೆ ಮತ್ತು ನೀರು ಸಾಕೆಂದರು. ಇದು ತೂಕ ಇಳಿಸುವ ಕಥೆಯಲ್ಲ. ಕೊನೆಗೆ ಅವರು ಉಳಿದವರಿಗಿಂತ ಪುಷ್ಟರಾಗಿಯೇ ಕಂಡರು. ಅರಸನ ಊಟ ತಮ್ಮನ್ನು ಆಳಬಾರದು ಎಂಬುದಷ್ಟೇ ಅವರ ಛಲ.

ಅವರ ರೀತಿಯಲ್ಲಿ ಮೂರು ವಿಷಯಗಳನ್ನು ಗಮನಿಸಿರಿ. ಒಂದು, ಜೀವಮಾನದ ಶಪಥ ಮಾಡದೆ ಹತ್ತು ದಿನಗಳ ಪರೀಕ್ಷೆ ಕೇಳಿದರು. ಎರಡು, ಮೇಲ್ವಿಚಾರಕನೊಡನೆ ಜಗಳವಾಡದೆ ವಿನಯದಿಂದ ಮಾತಾಡಿದರು. ಮೂರು, ಒಬ್ಬೊಬ್ಬರೇ ಹೊರಡದೆ ನಾಲ್ವರೂ ಕೂಡಿ ಮಾಡಿದರು. ಹೊಸ ವರ್ಷದ ದಿನ ಒಬ್ಬರೇ ಭೀಷ್ಮ ಪ್ರತಿಜ್ಞೆ ಮಾಡಿ ಸಂಕ್ರಾಂತಿಯೊಳಗೆ ಮುರಿಯುವವರು ಇವರಿಂದ ಕಲಿಯಬೇಕು.

ಅಭ್ಯಾಸವೆಂಬ ಸರಪಳಿ

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಎಂಟನೆಯ ಭಾಗದಲ್ಲಿ ಚಟವನ್ನು ಸರಪಳಿಗೆ ಹೋಲಿಸುತ್ತಾರೆ. ಮನಸ್ಸು ಕೆಟ್ಟು ಆಸೆ ಹುಟ್ಟುತ್ತದೆ, ಆಸೆಗೆ ಮಣಿದರೆ ಅಭ್ಯಾಸವಾಗುತ್ತದೆ, ಅಭ್ಯಾಸವನ್ನು ತಡೆಯದಿದ್ದರೆ ಅದು ಬಲವಂತವಾಗುತ್ತದೆ ಎಂಬುದು ಅವರ ಅನುಭವ. ಸರಪಳಿ ಬೆಳೆದದ್ದು ಕೊಂಡಿ ಕೊಂಡಿಯಾಗಿ. ಕಳಚುವುದೂ ಹಾಗೆಯೇ.

ಒಂದು ಕೊಂಡಿಯ ಲೆಕ್ಕ ನೋಡೋಣ. ದಿನಕ್ಕೆ ಐದು ಕಪ್ ಚಹಾ, ಕಪ್ಪಿಗೆ ಎರಡು ಸಣ್ಣ ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಎಂದರೂ 40 ಗ್ರಾಂ ಆಯಿತು. ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಮೀರದಿರಲಿ, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ. ಚಹಾದ 40 ಗ್ರಾಂ ಎಂದರೆ 160 ಕ್ಯಾಲೊರಿ. ವರ್ಷಕ್ಕೆ 58,400. ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಕಾಗದದ ಲೆಕ್ಕದಲ್ಲಿ ಇದು ಏಳೂವರೆ ಕಿಲೋ. ದೇಹ ತನ್ನನ್ನು ಹೊಂದಿಸಿಕೊಳ್ಳುವುದರಿಂದ ಅಷ್ಟೂ ಇಳಿಯುವುದಿಲ್ಲ. ಆದರೂ ಉಪವಾಸವಿಲ್ಲದೆ, ಖರ್ಚಿಲ್ಲದೆ ಹೋಗುವ ದಾರಿ ಇದೆಂದು ತಿಳಿಯುತ್ತದೆ. ಎರಡು ಚಮಚ ಇದ್ದುದು ಒಂದಾಗಲಿ, ತಿಂಗಳ ನಂತರ ಅರ್ಧವಾಗಲಿ. ನಾಲಗೆ ಒಗ್ಗಿಕೊಳ್ಳುತ್ತದೆ.

ಸಂತ ಇಗ್ನಾಸಿಯವರ ಎರಡು ಸಾಧನಗಳು

ಸಂತ ಇಗ್ನಾಸಿ ಲೊಯೋಲರ ಆಧ್ಯಾತ್ಮಿಕ ಸಾಧನೆಗಳ ಗ್ರಂಥಕ್ಕೆ 1548ರಲ್ಲಿ ಜಗದ್ಗುರು ಮೂರನೆಯ ಪಾವ್ಲರು ಒಪ್ಪಿಗೆ ಕೊಟ್ಟರು. ಅದರಲ್ಲಿ ಊಟಕ್ಕೇ ಮೀಸಲಾದ ಎಂಟು ನಿಯಮಗಳಿವೆ ಎಂಬುದು ಬಹಳ ಜನಕ್ಕೆ ತಿಳಿಯದು. ರೊಟ್ಟಿಯ ವಿಷಯದಲ್ಲಿ ಅಷ್ಟು ಅಪಾಯವಿಲ್ಲ. ಪಾನೀಯ ಮತ್ತು ರುಚಿತಿಂಡಿಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು ಎಂಬುದು ಅವರ ಸಲಹೆಗಳಲ್ಲೊಂದು. ಕೊನೆಯ ನಿಯಮ ಇನ್ನೂ ಜಾಣತನದ್ದು. ಮುಂದಿನ ಊಟದಲ್ಲಿ ಎಷ್ಟು ಉಣ್ಣಬೇಕೆಂಬುದನ್ನು ಹಸಿವಿಲ್ಲದ ಹೊತ್ತಿನಲ್ಲಿ, ಅಂದರೆ ಹಿಂದಿನ ಊಟ ಮುಗಿದ ಮೇಲೆ ನಿರ್ಧರಿಸಬೇಕು. ಹಸಿದವನು ಕೊಡುವ ತೀರ್ಪು ಹೊಟ್ಟೆಯದು, ಉಂಡವನು ಕೊಡುವ ತೀರ್ಪು ಬುದ್ಧಿಯದು. ಮಧ್ಯಾಹ್ನ ಉಂಡು ಕೈ ತೊಳೆದಾಗಲೇ, "ರಾತ್ರಿ ಎರಡು ರೊಟ್ಟಿ, ಒಂದು ಬಟ್ಟಲು ಕಾಳು ಪಲ್ಯ, ಸೌತಿಕಾಯಿ, ಮಜ್ಜಿಗೆ" ಎಂದು ಮನೆಯವರಿಗೆ ಹೇಳಿಬಿಡಿರಿ. ಸಂಜೆ ಬಾಯಿ ಚಪಲವಾದರೆ ನವಲೂರಿನ ಪೇರಲ ಹಣ್ಣು ನಮ್ಮ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ.

ಎರಡನೆಯ ಸಾಧನ ವಿಶೇಷ ಆತ್ಮಶೋಧನೆ. ಎಲ್ಲ ದೋಷಗಳನ್ನೂ ಒಮ್ಮೆಗೇ ಹಿಡಿಯಬೇಡಿರಿ, ಒಂದನ್ನು ಆರಿಸಿಕೊಳ್ಳಿರಿ. ಬೆಳಿಗ್ಗೆ ಏಳುವಾಗ ಸಂಕಲ್ಪ ಮಾಡಿರಿ. ಮಧ್ಯಾಹ್ನ ಮತ್ತು ರಾತ್ರಿ ಎಷ್ಟು ಸಲ ಜಾರಿದೆವೆಂದು ನೆನೆದು, ಕಾಗದದಲ್ಲಿ ಎಳೆದ ಗೆರೆಯ ಮೇಲೆ ಅಷ್ಟು ಚುಕ್ಕೆ ಇಡಿರಿ. ಜಾರಿದ ಕ್ಷಣದಲ್ಲಿ ಯಾರಿಗೂ ಕಾಣದಂತೆ ಎದೆಯ ಮೇಲೆ ಕೈಯಿಟ್ಟು ಪಶ್ಚಾತ್ತಾಪಪಡಿರಿ. ಇಂದಿನ ಗೆರೆಯನ್ನು ನಿನ್ನೆಯದಕ್ಕೂ, ಈ ವಾರವನ್ನು ಕಳೆದ ವಾರಕ್ಕೂ ಹೋಲಿಸಿರಿ. ಚುಕ್ಕೆಗಳು ಒಂದೇ ದಿನ ಮಾಯವಾಗುವುದಿಲ್ಲ, ಕಡಿಮೆಯಾಗುತ್ತ ಬರುತ್ತವೆ. ಎಣಿಸಿದ್ದು ಇಳಿಯುತ್ತದೆ, ಎಣಿಸದ್ದು ಬೆಳೆಯುತ್ತದೆ.

ತಂಬಾಕು, ಮದ್ಯ

2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2013ರಲ್ಲಿ ನಮ್ಮ ರಾಜ್ಯ ಗುಟ್ಕಾವನ್ನು ನಿಷೇಧಿಸಿತು. ಆದರೆ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಿತ್ತು. ಕಾನೂನು ಬಾಗಿಲವರೆಗೆ ಬರುತ್ತದೆ, ಬಾಯಿಯನ್ನು ನಾವೇ ಕಾಯಬೇಕು.

"ಸಿಗರೇಟ್ ಬಿಟ್ರ ದಪ್ಪ ಆಗ್ತೀನಿ" ಎಂದು ಹಲವರು ಹೇಳುತ್ತಾರೆ. ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುವುದುಂಟು. ಆದರೆ ಒಂದು ವರ್ಷ ಬಿಟ್ಟವನಿಗೆ, ಸೇದುವುದರಿಂದ ಹೆಚ್ಚಿದ್ದ ಹೃದಯಾಘಾತದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ತೂಕವೂ ಇಳಿಯಬೇಕು, ತಂಬಾಕೂ ಬಿಡಬೇಕು ಎಂದಿದ್ದರೆ ಮೊದಲು ತಂಬಾಕು ಬಿಡಿರಿ. ಮೊದಲ ವಾರ ಬಲು ಕಷ್ಟ. ಪ್ರತಿ ಸೆಳೆತವೂ ಕೆಲವೇ ನಿಮಿಷಗಳದ್ದು. ಆ ಹೊತ್ತಿಗೆ ಒಂದು ಲೋಟ ನೀರು, ನಾಲ್ಕು ಹೆಜ್ಜೆ ನಡಿಗೆ, ಒಂದು ಪರಲೋಕ ಮಂತ್ರ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ ಸಲಹೆ ಪಡೆಯಬಹುದು. ಸಹಾಯ ಕೇಳುವುದು ವಿಶ್ವಾಸದ ಕೊರತೆಯಲ್ಲ.

ಮದ್ಯದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ತಾವಾಗಿ ನಿಲ್ಲಿಸಿದರೆ ನಡುಕ, ಫಿಟ್ಸ್, ಬುದ್ಧಿಭ್ರಮೆ ಬಂದು ಪ್ರಾಣಕ್ಕೂ ಅಪಾಯವಾಗಬಹುದು. ಅಂಥವರನ್ನು ಹರಕೆ ಹೊರಿಸಿ ಕೋಣೆಯಲ್ಲಿ ಕೂಡಿಹಾಕದೆ ವೈದ್ಯರ ಬಳಿ ಕರೆದೊಯ್ಯಿರಿ. ಧಾರವಾಡದಲ್ಲೇ ಇರುವ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಪ್ರಾರ್ಥನೆಯೂ ಬೇಕು, ಔಷಧಿಯೂ ಬೇಕು.

ನಡಿಗೆ ಮತ್ತು ಜಪಸರ

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಬೇಕು, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಬಿರುಸು ಎಂದರೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಕೆಳಗೇರಿ ಕೆರೆಯ ದಂಡೆಗೋ ವಿಶ್ವವಿದ್ಯಾಲಯದ ಆವರಣಕ್ಕೋ ಹೋಗಲು ಸಾಧ್ಯವಾದರೆ ಸಂತೋಷ. ಇಲ್ಲದಿದ್ದರೆ ಚಿಗರಿ ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದರೂ ಸಾಕು. ಜಪಸರದ ಐದು ದಶಕಗಳಿಗೆ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಸಮಯವಿಲ್ಲ ಎನ್ನುವವರು ಕೈಯಲ್ಲಿ ಜಪಮಾಲೆ ಹಿಡಿದು ನಡೆಯಲಿ. ನಡೆಯುವಾಗ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ನಿಂತು ವೈದ್ಯರನ್ನು ಕಾಣಿರಿ.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಇಟಲಿಯ ಯುವಕ ಪಿಯೆರ್ ಜಾರ್ಜಿಯೊ ಫ್ರಸಾತಿ ಪರ್ವತಾರೋಹಿ. ಬೆಟ್ಟ ಹತ್ತುವ ಆ ಕಾಲುಗಳೇ ಬಡವರ ಓಣಿಗಳಿಗೂ ನಡೆದವು. ಬಲಪಡೆದ ದೇಹಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಎಷ್ಟು ಇಳಿಯಬೇಕು?

ಸಿನಿಮಾ ನಟರಂತಾಗಬೇಕಿಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ತೂಕವನ್ನು ನೂರಕ್ಕೆ ಏಳರಷ್ಟು ಇಳಿಸುವ ಗುರಿಯಿಟ್ಟು ನಡೆದಾಗ ಕಾಯಿಲೆಯ ಅಪಾಯ ನೂರಕ್ಕೆ 58ರಷ್ಟು ತಗ್ಗಿತೆಂದು 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿತು. 80 ಕಿಲೋ ಇರುವವರಿಗೆ ಇದು ಐದೂವರೆ ಕಿಲೋ ಮಾತ್ರ. 2006ರಲ್ಲಿ ಪ್ರಕಟವಾದ ಚೆನ್ನೈ ವೈದ್ಯರ ಅಧ್ಯಯನ ನಮ್ಮವರಿಗೆ ಇನ್ನೂ ಧೈರ್ಯ ಕೊಡುವಂಥದು. ಅಲ್ಲಿ ನಡಿಗೆ ಮತ್ತು ಊಟದ ಶಿಸ್ತು ಪಾಲಿಸಿದವರ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಅಪಾಯ ನೂರಕ್ಕೆ ಸುಮಾರು 28ರಷ್ಟು ಇಳಿಯಿತು. ಆದ್ದರಿಂದ ತೂಕದ ಯಂತ್ರವನ್ನು ದಿನವೂ ಹತ್ತಿ ನಿರಾಶರಾಗಬೇಡಿರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳ.

ಉಪವಾಸ ಬೇರೆ, ಪಥ್ಯ ಬೇರೆ

18ರಿಂದ 59 ವರ್ಷದವರು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಮಾಡಬೇಕೆಂಬುದು ಧರ್ಮಸಭೆಯ ಕಟ್ಟಳೆ. ಪಥ್ಯದಲ್ಲಿ ಉಳಿದದ್ದು ನನ್ನ ಲಾಭ. ಉಪವಾಸದಲ್ಲಿ ಉಳಿದದ್ದು ಬಡವನ ಪಾಲು. ಭಜಿಗೆ, ಸಿಗರೇಟಿಗೆ ಹೋಗುತ್ತಿದ್ದ ಹಣವನ್ನು ಒಂದು ಡಬ್ಬಿಯಲ್ಲಿ ಹಾಕಿ ತಿಂಗಳ ಕೊನೆಗೆ ನೆರೆಯ ಬಡ ಮಗುವಿನ ಪುಸ್ತಕಕ್ಕೋ ರೋಗಿಯ ಔಷಧಿಗೋ ಕೊಟ್ಟರೆ ಪಥ್ಯವೂ ಉಪವಾಸವಾಗುತ್ತದೆ. ಆದರೆ ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಅವರಿಗೆ ಹೊತ್ತಿಗೆ ಸರಿಯಾಗಿ ಉಣ್ಣುವುದೇ ವಿಧೇಯತೆ.

ತಾಯಂದಿರಿಗೊಂದು ಮಾತು, ತಂದೆಯರಿಗೊಂದು ಮಾತು

ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವಳು ತಾಯಿ. ಮಕ್ಕಳು ಬಿಟ್ಟ ಅನ್ನ, ತಳದಲ್ಲಿ ಉಳಿದ ಪಲ್ಯ ಚೆಲ್ಲಲು ಮನಸ್ಸು ಬಾರದೆ ಆಕೆಯ ಹೊಟ್ಟೆ ಸೇರುತ್ತವೆ. ಅನ್ನ ದೇವರು, ಚೆಲ್ಲಬಾರದು ಎಂಬುದು ನಿಜ. ಆದರೆ ತಾಯಿಯ ಹೊಟ್ಟೆ ಉಳಿದದ್ದನ್ನು ತುಂಬಿಡುವ ಪಾತ್ರೆಯಲ್ಲ. ಅಳತೆ ಮಾಡಿ ಅಡಿಗೆ ಮಾಡಿರಿ, ಮಕ್ಕಳಿಗೆ ಮೊದಲು ಸ್ವಲ್ಪವೇ ಬಡಿಸಿರಿ, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ.

ತಂದೆಯರೇ, ಮನೆಯಾಕೆ ಬೆಳಿಗ್ಗೆ ಅರ್ಧ ಗಂಟೆ ನಡೆಯಲು ಹೋಗಬೇಕಾದರೆ ಆ ಅರ್ಧ ಗಂಟೆ ಒಲೆಯ ಮುಂದೆ ಯಾರಾದರೂ ನಿಲ್ಲಬೇಕು. ಚಹಾ ಕಾಸುವುದು, ಮಕ್ಕಳ ಡಬ್ಬಿ ಕಟ್ಟುವುದು ಗಂಡಸಿಗೆ ಕುಂದಲ್ಲ. ಮದುವೆಯ ದಿನ ಸುಖದಲ್ಲೂ ದುಃಖದಲ್ಲೂ ಜೊತೆಗಿರುತ್ತೇನೆಂದು ಕೊಟ್ಟ ಮಾತು ಅಡಿಗೆಮನೆಗೂ ಅನ್ವಯಿಸುತ್ತದೆ.

ಜಾರಿದಾಗ

ಜಾರುತ್ತೀರಿ. ಜಾತ್ರೆ ಬರುತ್ತದೆ, ಮದುವೆ ಬರುತ್ತದೆ, ದುಃಖ ಬರುತ್ತದೆ. "ಹೆಂಗೂ ಕೆಟ್ಟೋತು" ಎಂದು ಎಲ್ಲವನ್ನೂ ಬಿಟ್ಟುಬಿಡುವುದು ಜಾರಿದ್ದಕ್ಕಿಂತ ದೊಡ್ಡ ಹಾನಿ. ಪಾಪನಿವೇದನೆಯ ಸಂಸ್ಕಾರವನ್ನು ಪ್ರಭು ಒಮ್ಮೆ ಮಾತ್ರ ಬಳಸಲು ಕೊಡಲಿಲ್ಲ. ಬಿದ್ದವನು ಏಳಬಹುದು, ಮತ್ತೆ ಬಿದ್ದರೆ ಮತ್ತೆ ಏಳಬಹುದು. ಬದುಕು ಸಾಕೆನಿಸಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ನಿದ್ದೆ ಮಾಡಗೊಟ್ಟ, ಮತ್ತೆ ಎಬ್ಬಿಸಿ ಉಣಿಸಿದ. ಆಮೇಲೆ ಎಲೀಯ ನಲವತ್ತು ದಿನ ನಡೆದು ದೇವರ ಬೆಟ್ಟ ಸೇರಿದ. ಮಿತವಾದ ಊಟ, ನೀರು, ನಿದ್ದೆ, ನಡಿಗೆ. ದೇವರ ಈ ಔಷಧಿ ಹಳೆಯದು, ಬಡವನಿಗೂ ಎಟಕುವಂಥದು.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಒಂದು ದಿನಕ್ಕೆ ಎಷ್ಟು ಸಕ್ಕರೆ, ಎಣ್ಣೆ, ಉಪ್ಪು ಖರ್ಚಾಗುತ್ತದೆ? ಒಬ್ಬೊಬ್ಬರಿಗೆ ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ ಇದೆಯೇ?
2. ಹತ್ತು ದಿನಗಳ ಪರೀಕ್ಷೆಗೆ ನಾವೆಲ್ಲರೂ ಕೂಡಿ ಯಾವ ಒಂದು ಅಭ್ಯಾಸವನ್ನು ಆರಿಸಿಕೊಳ್ಳೋಣ?
3. ನಮ್ಮಲ್ಲಿ ಯಾರ ಮೈಯನ್ನು ನಾವು ತಮಾಷೆ ಮಾಡಿ ನೋಯಿಸಿದ್ದೇವೆ? ಅವರ ಕ್ಷಮೆ ಕೇಳುವುದು ಯಾವಾಗ?

ಪ್ರಾರ್ಥನೆ: ಪ್ರಭುವೇ, ನೀವು ಕೊಟ್ಟ ಈ ದೇಹವನ್ನು ಹೀಯಾಳಿಸದೆ, ಪೂಜಿಸದೆ, ಕಾಪಾಡಿಕೊಳ್ಳುವ ಬುದ್ಧಿ ಕೊಡಿ. ಸಾಕು ಎನ್ನುವ ಬಲ ನಾಲಗೆಗೂ, ಏಳು ಎನ್ನುವ ಬಲ ಕಾಲುಗಳಿಗೂ ಬರಲಿ. ನಮ್ಮನ್ನು ನಂಬಿ ಬದುಕುವವರಿಗಾಗಿ ನಾವು ಬಹುಕಾಲ ದುಡಿಯುವಂತಾಗಲಿ. ಆಮೆನ್.